ಕೂಸಿನ ಮೊದಲ ತುತ್ತು ಮತ್ತು ಅನ್ನಪಾನನಿರೋಧ

ಆದಿತೀರ್ಥಂಕರ ವೃಷಭನಾಥಸ್ವಾಮಿಯು ದೀಕ್ಷೆ ವಹಿಸಿ, ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕಾಗಿ ವಿಹರಿಸತೊಡಗಿದಾಗ, ಪ್ರಜೆಗಳು ಭಕ್ತಿಯಿಂದ ತಂದು ಮುಂದಿರಿಸಿದ್ದು ರತ್ನಗಳನ್ನು, ವಸ್ತ್ರಾಭರಣಗಳನ್ನು, ಆನೆ ಕುದುರೆಗಳನ್ನು. ಅವರಲ್ಲಿ ಭಕ್ತಿಗೆ ಬಡತನವಿರಲಿಲ್ಲ, ಸಂಪತ್ತಿಗೂ ಬಡತನವಿರಲಿಲ್ಲ. ಏನನ್ನು, ಯಾವ ವಿಧಿಯಿಂದ ನೀಡಬೇಕೆಂಬ ಅರಿವು ಮಾತ್ರ ಒಬ್ಬರಲ್ಲಿಯೂ ಇರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಿಂದ ಆ ಅರಿವುಂಟಾಗಿ, ಅವನು ಕಬ್ಬಿನ ರಸವನ್ನು ನೀಡುವ ತನಕ ಸ್ವಾಮಿಗೆ ಆಹಾರ ದೊರೆಯಲಿಲ್ಲ. ಪ್ರತಿವರ್ಷ ಅಕ್ಷಯ ತೃತೀಯದಂದು ಬಸದಿಯಲ್ಲಿ ಈ ಕಥೆಯನ್ನು ಕೇಳಿ ಮನೆಗೆ ಮರಳುವ ಶ್ರಾವಕರು, ಅದೇ ಕಥೆಯು ತಮ್ಮ ಮನೆಯ ತೊಟ್ಟಿಲ ಬಳಿಯಲ್ಲಿ ಬೇರೊಂದು ರೀತಿಯಿಂದ ನಡೆಯುತ್ತಿರುವುದನ್ನು ಗಮನಿಸುವುದಿಲ್ಲ.

ಕೂಸಿಗೆ ಆರು ತಿಂಗಳು ತುಂಬುತ್ತದೆ. ಸೋದರಮಾವ ಬೆಳ್ಳಿಯ ಬಟ್ಟಲನ್ನು ತರುತ್ತಾನೆ. ಅಜ್ಜನವರು ಪಂಚಾಂಗವನ್ನು ತೆರೆಯುತ್ತಾರೆ. ಯಾವ ಕ್ಷೇತ್ರದಲ್ಲಿ ಅನ್ನಪ್ರಾಶನ ನಡೆಯಬೇಕೆಂಬುದನ್ನು ಅತ್ತೆಯವರು ನಿರ್ಧರಿಸುತ್ತಾರೆ. ಪಟ್ಟಣದ ಬಂಧುಗಳು ನಗುವ ಮಗುವಿನ ಚಿತ್ರವಿರುವ ಡಬ್ಬವನ್ನು ತಂದುಕೊಡುತ್ತಾರೆ. ಕೂಸು ಉಣ್ಣುವವರ ಬಾಯನ್ನೇ ದಿಟ್ಟಿಸುತ್ತಿದೆ, ಎದೆಹಾಲು ಕುಡಿದ ಸ್ವಲ್ಪ ಹೊತ್ತಿಗೇ ಮತ್ತೆ ಅಳುತ್ತಿದೆ, ತಟ್ಟೆಗೆ ಕೈ ಚಾಚುತ್ತಿದೆ ಎಂಬುದನ್ನು ಹಗಲಿರುಳು ಕಂಡವಳು ತಾಯಿ. ಆದರೆ ಅವಳ ಮಾತನ್ನು ಕೇಳುವುದು ಎಲ್ಲರಿಗಿಂತ ಕೊನೆಗೆ. ಕೆಲವು ಮನೆಗಳಲ್ಲಿ ಕೇಳುವುದೇ ಇಲ್ಲ.

ಇದು ಮನೆವಾರ್ತೆಯ ಸಣ್ಣ ವಿಚಾರ, ಧರ್ಮಪತ್ರಿಕೆಗೆ ತಕ್ಕ ವಿಷಯವಲ್ಲ ಎಂದು ಹೇಳುವವರಿದ್ದಾರೆ. ಅವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ನೋಡತಕ್ಕದ್ದು. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ಹೇಳಿರುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ತನ್ನ ಆಶ್ರಯದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನಪಾನವನ್ನು ಕೊಡದೆ ತಡೆಯುವುದು ಕಟ್ಟಿಹಾಕುವುದಕ್ಕೂ ಹೊಡೆಯುವುದಕ್ಕೂ ಸಮನಾದ ದೋಷವೆಂದು ಅಲ್ಲಿ ಎಣಿಸಲಾಗಿದೆ. ಎತ್ತಿಗೆ ಮೇವು ತಡವಾದರೆ ಪಾಪವೆಂದು ಹೆದರುವ ಶ್ರಾವಕನು, ಮಾತು ಬಾರದ ಕೂಸಿಗೆ ತುತ್ತು ತಡವಾದಾಗ ಅದನ್ನು ಮುಹೂರ್ತವೆಂದೂ ನಿಯಮವೆಂದೂ ಕರೆದು ನಿಶ್ಚಿಂತನಾಗುವುದು ಹೇಗೆ?

ದಾನದ ವಿಶೇಷವನ್ನು ಹೇಳುವಾಗ ಅದೇ ಅಧ್ಯಾಯವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಹೆಸರಿಸುತ್ತದೆ. ಮಗುವಿಗೆ ಉಣಿಸುವುದು ದಾನವಲ್ಲ, ಕರ್ತವ್ಯ. ಆದರೂ ಈ ನಾಲ್ಕು ಅಳತೆಗೋಲುಗಳಿಂದ ಇಂದಿನ ಮನೆಗಳ ನಡವಳಿಕೆಯನ್ನು ಅಳೆದರೆ ಎಲ್ಲಿ ತಪ್ಪಾಗುತ್ತಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ಮೊದಲು ಪಾತ್ರ. ಇಲ್ಲಿ ಪಾತ್ರವೆಂದರೆ ಕೂಸು. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಆರು ತುಂಬಿದೊಡನೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಆರಂಭವಾಗಬೇಕು. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಇದಕ್ಕೆ ಕಾರಣವಿದೆ. ಗರ್ಭದಲ್ಲಿರುವಾಗ ತಾಯಿಯಿಂದ ಪಡೆದ ಕಬ್ಬಿಣಾಂಶದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬರಿದಾಗತೊಡಗುತ್ತದೆ. ಎದೆಹಾಲಿನಲ್ಲಿ ಆ ಅಂಶ ಅಲ್ಪ. ದಾಸ್ತಾನು ಮುಗಿದ ಮೇಲೂ ಹೊಸ ಸರಕು ಬಾರದಿದ್ದರೆ ಅಂಗಡಿಯ ಗತಿ ಏನಾಗುವುದೆಂಬುದು ವ್ಯಾಪಾರಿ ಮನೆತನಗಳಿಗೆ ವಿವರಿಸಬೇಕಾದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಈ ದೇಶದ 6ರಿಂದ 8 ತಿಂಗಳ ಕೂಸುಗಳಲ್ಲಿ ಎದೆಹಾಲಿನೊಡನೆ ಗಟ್ಟಿ ಅಥವಾ ಅರೆಗಟ್ಟಿ ಆಹಾರವನ್ನು ಪಡೆಯುತ್ತಿದ್ದವು ಶೇ. 45.9 ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ಶೇ. 11.3 ಮಕ್ಕಳಿಗೆ. ಐದು ವರ್ಷದೊಳಗಿನವರಲ್ಲಿ ಶೇ. 67.1 ಮಕ್ಕಳಿಗೆ ರಕ್ತಹೀನತೆ. ಬಡತನವೊಂದೇ ಇದಕ್ಕೆ ಕಾರಣವೆಂದು ಉಳ್ಳವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಳ್ಳಿಯ ಬಟ್ಟಲಿರುವ ಮನೆಯಲ್ಲಿಯೂ ಕೂಸು ಬಿಳಿಚಿಕೊಳ್ಳುತ್ತದೆ.

ದಿನದ ಲೆಕ್ಕವು ಒಂದು ಸ್ಥೂಲ ಅಳತೆ. ಕೂಸಿನ ಮೈಯೇ ಕೊಡುವ ಗುರುತುಗಳನ್ನು ತಾಯಿ ಓದಬಲ್ಲಳು. ಕತ್ತು ನಿಂತಿದೆ, ಒರಗಿಸಿ ಕೂರಿಸಿದರೆ ಕೂರುತ್ತದೆ, ಬಾಯಿಗಿಟ್ಟುದನ್ನು ನಾಲಗೆಯಿಂದ ಹೊರನೂಕುವ ಅಭ್ಯಾಸ ಕಳೆದಿದೆ, ಕಂಡದ್ದಕ್ಕೆಲ್ಲ ಕೈಚಾಚಿ ಬಾಯಿಗಿಡುತ್ತದೆ. ಇವೇ ಸಿದ್ಧತೆಯ ಲಕ್ಷಣಗಳೆಂದು ಮಕ್ಕಳ ವೈದ್ಯರೂ ಹೇಳುತ್ತಾರೆ. ಹೀಗಿರುವಾಗ ಆಷಾಢ ಬಂತೆಂದು ಒಂದು ತಿಂಗಳು, ಸೂತಕವೆಂದು ಹದಿನೈದು ದಿನ, ಹರಕೆ ಹೊತ್ತ ದೂರದ ಕ್ಷೇತ್ರಕ್ಕೆ ಎಲ್ಲರೂ ಕೂಡಿ ಹೋಗಲು ಬಿಡುವಿಲ್ಲವೆಂದು ಮತ್ತೆರಡು ತಿಂಗಳು ಮುಂದೂಡುವುದು ಯಾವ ಆಗಮಕ್ಕೆ ಸಮ್ಮತ? ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯದ 53 ಕ್ರಿಯೆಗಳನ್ನು ಹೇಳುವಾಗ ಬಹಿರ್ಯಾನ, ನಿಷದ್ಯಾ ಕ್ರಿಯೆಗಳ ತರುವಾಯ ಅನ್ನಪ್ರಾಶನವನ್ನು ಇರಿಸಿದ್ದಾರೆ. ಕೂಸು ಹೊರಗೆ ಬರುವುದು, ಆಸನದಲ್ಲಿ ಕೂರುವುದು, ಆಮೇಲೆ ಅನ್ನ. ಮಗುವಿನ ಬೆಳವಣಿಗೆಯನ್ನು ಅನುಸರಿಸಿ ಕ್ರಿಯೆ ನಡೆಯಬೇಕೆಂಬುದೇ ಆ ಕ್ರಮದ ಅರ್ಥ. ಕ್ರಿಯೆಯ ಅನುಕೂಲಕ್ಕಾಗಿ ಮಗು ಕಾಯಬೇಕೆಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಉತ್ಸವವನ್ನು ಬೇಕಾದಾಗ ಮಾಡಿಕೊಳ್ಳಲಿ, ತುತ್ತು ನಿಲ್ಲದಿರಲಿ. ಮನೆಯ ದೇವರ ಮುಂದೆ ಅರ್ಹಂತನನ್ನು ಸ್ಮರಿಸಿ ತಾಯಿಯು ಇಟ್ಟ ತುತ್ತಿಗೆ ಯಾವ ಕೊರತೆಯೂ ಇಲ್ಲ.

ಎರಡನೆಯದು ದ್ರವ್ಯ. ಕರ್ನಾಟಕದ ತಾಯಂದಿರ ಕೈಯಲ್ಲಿ ಈ ವಿಷಯದ ದೊಡ್ಡ ವಿದ್ಯೆಯಿದೆ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ತೊಳೆದು, ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ ಸರಿಹಿಟ್ಟನ್ನು ಸಿದ್ಧಪಡಿಸುತ್ತಾರೆ. ಕರಾವಳಿಯಲ್ಲಿ ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಮಣ್ಣಿ ಮಾಡುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಪ್ರಯೋಗಶಾಲೆಗಳು ಹೇಳುವ ಮೊದಲೇ ಅಜ್ಜಿಯರು ಅದನ್ನು ಎಲುಬಿನ ಆಹಾರವೆಂದು ಆರಿಸಿಕೊಂಡಿದ್ದರು. ಮೊಳಕೆ ಬರಿಸಿದಾಗ ಧಾನ್ಯದಲ್ಲಿ ಹುಟ್ಟುವ ಕಿಣ್ವವು ಗಂಜಿಯನ್ನು ತೆಳುವಾಗಿಸುವುದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು ಎಂಬುದನ್ನು ಇಂದಿನ ಆಹಾರವಿಜ್ಞಾನವೂ ಒಪ್ಪುತ್ತದೆ. ಮೊಳಕೆಯನ್ನು ಅನಂತಕಾಯವೆಂದು ತ್ಯಜಿಸಿದ ಮನೆಗಳ ತಾಯಂದಿರು ಸೋತಿಲ್ಲ. ಅವರು ಹುರಿದು ಬೀಸಿದ ಹಿಟ್ಟಿನ ಗಂಜಿಗೆ ಒಂದು ಚಮಚ ತುಪ್ಪವನ್ನು ಸೇರಿಸಿ ಆ ಬಲವನ್ನು ತುಂಬುತ್ತಾರೆ.

ಕಂದಮೂಲಗಳ ವಿಷಯವೂ ಹೀಗೆಯೇ. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿಯಲ್ಲಿ ಆಲೂಗಡ್ಡೆ, ಗಜ್ಜರಿಗಳಿದ್ದರೆ ಗಾಬರಿಯಾಗಬೇಕಾಗಿಲ್ಲ. ಆ ಬಣ್ಣದ ಸತ್ವವು ಸಿಹಿಗುಂಬಳದಲ್ಲಿದೆ, ಪರಂಗಿಹಣ್ಣಿನಲ್ಲಿದೆ, ಮಾವಿನಲ್ಲಿದೆ. ಆಲೂಗಡ್ಡೆಯ ಪಿಷ್ಟವು ಬಾಳೆಯಲ್ಲಿದೆ, ಅಕ್ಕಿಯಲ್ಲಿದೆ. ಗೃಹಿಣಿಯು ಇದನ್ನು ಬಲ್ಲಳು. ಮನೆಯ ಗಂಡಸರು ವೈದ್ಯರೊಡನೆ ವಾದಿಸುವುದರೊಳಗೆ ಅವಳು ಕುಂಬಳವನ್ನು ಬೇಯಿಸಿ ಮಸೆದು ಮುಗಿಸಿರುತ್ತಾಳೆ.

ಆದರೆ ದ್ರವ್ಯದ ಹೆಸರಿನಲ್ಲಿ ಎರಡು ದೊಡ್ಡ ತಪ್ಪುಗಳು ನಡೆಯುತ್ತಿವೆ. ಒಂದನೆಯದು ಬೇಳೆಯ ಕಟ್ಟು. 'ಮಗುವಿಗೆ ಜೀರ್ಣವಾಗದು' ಎಂಬ ಭಯದಿಂದ ಹಿರಿಯರು ಬೇಳೆಯನ್ನು ತಮ್ಮ ತಟ್ಟೆಗೆ ಬಡಿಸಿಕೊಂಡು ಮೇಲಿನ ತಿಳಿನೀರನ್ನು ಕೂಸಿಗೆ ಕುಡಿಸುತ್ತಾರೆ. ಕೂಸಿನ ಹೊಟ್ಟೆ ಹಿಡಿಸುವುದು ಅದರ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 30 ಗ್ರಾಂ. ಏಳು ಕಿಲೋ ತೂಗುವ ಕೂಸಿಗೆ ಒಂದು ಸಣ್ಣ ಬಟ್ಟಲು. ಆ ಬಟ್ಟಲನ್ನು ನೀರಿನಿಂದ ತುಂಬಿಸಿದರೆ ಅನ್ನಕ್ಕೆ ಜಾಗವೆಲ್ಲಿ? ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ತುಂಬುವುದಿಲ್ಲ. ಚಮಚವನ್ನು ವಾಲಿಸಿದಾಗ ನೀರಿನಂತೆ ಜಾರಿಹೋಗದಷ್ಟು ಗಟ್ಟಿಯಾಗಿ, ನುಣ್ಣಗೆ ಮಸೆದ ಹೆಸರುಬೇಳೆ ಅನ್ನವೇ ಆಹಾರ. ಕಟ್ಟು ಬರಿಯ ತೋರಿಕೆ.

ಎರಡನೆಯದು ಜೇನು. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ ಎಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಹಾಗಿದ್ದರೂ ಹುಟ್ಟಿದ ಕೂಸಿನ ನಾಲಗೆಗೆ ಚಿನ್ನವನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿಯು ಕೆಲವು ಜೈನ ಮನೆಗಳಲ್ಲಿಯೂ ಉಳಿದಿದೆ. ಔಷಧಿಗೆ ದೋಷವಿಲ್ಲವೆಂಬ ಸಮಜಾಯಿಷಿ ಬೇರೆ. ಇದು ಔಷಧಿಯೇ ಅಲ್ಲ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಗಳು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ವಿಷಬಾಧೆಯನ್ನು ತಂದು, ಮೈಯ ಸ್ನಾಯುಗಳನ್ನೇ ಸೋಲಿಸಬಲ್ಲವು. ಆದಕಾರಣ ಹನ್ನೆರಡು ತಿಂಗಳ ತನಕ ಜೇನು ಕೂಡದೆಂದು ವೈದ್ಯಶಾಸ್ತ್ರವೇ ನಿಷೇಧಿಸುತ್ತದೆ. ಶಾಸ್ತ್ರವೂ ವೈದ್ಯವೂ ಒಂದಾಗಿ ಬೇಡವೆಂದದ್ದನ್ನು ಯಾರ ಮಾತಿನಂತೆ ನೆಕ್ಕಿಸಲಾಗುತ್ತಿದೆ?

ಸಸ್ಯಾಹಾರಿಗಳು ಎದುರಿಸಲೇಬೇಕಾದ ಒಂದು ಸತ್ಯವನ್ನೂ ಇಲ್ಲಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ಕೂಸುಗಳಿಗೆ ಪ್ರಾಣಿಜನ್ಯ ಆಹಾರವನ್ನೂ ಸೂಚಿಸಿದೆ. ಅಹಿಂಸಾಧರ್ಮದ ಮನೆಗಳು ಅದನ್ನು ಅನುಸರಿಸಲಾರವು, ಅನುಸರಿಸಬೇಕಾಗಿಯೂ ಇಲ್ಲ. ಆದರೆ ಒಂದನ್ನು ಬಿಟ್ಟವನು ಅದರ ಬದಲಿಗೆ ಇನ್ನೊಂದನ್ನು ತುಂಬಿಕೊಡುವ ಹೊಣೆಯನ್ನು ಹೊರಬೇಕು. ಹೆಸರುಬೇಳೆ, ತೊಗರಿ, ಹಾಲು, ಮೊಸರು, ತುಪ್ಪ, ಬೇಯಿಸಿ ಅರೆದ ಸೊಪ್ಪು, ಕಬ್ಬಿಣಾಂಶವನ್ನು ಮೈಗೂಡಿಸುವ ನಿಂಬೆ ನೆಲ್ಲಿಯ ರಸ ಇವು ಪ್ರತಿದಿನದ ಬಟ್ಟಲಿನಲ್ಲಿ ಸರದಿಯಂತೆ ಬರಬೇಕು. ದ್ವಿದಳದ ನಿಯಮವಿರುವ ಮನೆಯಲ್ಲಿ ಬೇಳೆ ಒಂದು ಹೊತ್ತು, ಮೊಸರು ಇನ್ನೊಂದು ಹೊತ್ತು. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಟ್ಟವರು ಹಿರಿಯರು; ಕೂಸು ಬಿಟ್ಟಿಲ್ಲ. ಇಷ್ಟು ಮಾಡಿದರೂ ಮನೆಯ ಗಂಜಿಯಿಂದ ಕಬ್ಬಿಣಾಂಶ ಪೂರ್ತಿ ಸಿಗುವುದೆಂಬ ಭರವಸೆಯಿಲ್ಲ. ಆದ್ದರಿಂದಲೇ 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ತನಕ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣಾಂಶದ ದ್ರಾವಣವನ್ನು ಕೊಡಲು ಹೇಳಿದೆ. ಅದನ್ನು 'ಉಷ್ಣ' ಎಂದು ಚೆಲ್ಲುವುದು ಅಹಿಂಸೆಯ ರಕ್ಷಣೆಯಾಗದು. ಸಸ್ಯಾಹಾರದ ಗೌರವವನ್ನು ಕಾಪಾಡುವುದು ಭಾಷಣವಲ್ಲ, ಕೆಂಪೇರಿದ ಮಗುವಿನ ಕೆನ್ನೆ.

ಮೂರನೆಯದು ವಿಧಿ. ಹಳೆಯ ತಾಯಂದಿರ ಶುದ್ಧಿಯ ನಿಯಮಗಳನ್ನು ಇಂದಿನವರು ಮಡಿಯ ಹುಚ್ಚೆಂದು ನಗುತ್ತಾರೆ. ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ನೀರನ್ನು ಗಾಳಿಸಿ ಕಾಯಿಸಬೇಕು. ಹೊತ್ತು ಮೀರಿದ ಅಡುಗೆ ಸಲ್ಲದು. ಜೀವದಯೆಯಿಂದ ಹುಟ್ಟಿದ ಈ ನಿಯಮಗಳು ಕೂಸನ್ನು ಭೇದಿಯಿಂದಲೂ ಕಾಪಾಡಿದವು. ಆರನೆಯ ತಿಂಗಳಿಂದ ಎರಡು ವರ್ಷದವರೆಗೆ ಕೂಸುಗಳಿಗೆ ಅತಿಸಾರದ ಭಯ ಹೆಚ್ಚು. ತಂಗಳು ಗಂಜಿ ಮತ್ತು ತೊಳೆಯಲು ಕಷ್ಟವಾದ ಬಾಟಲಿಯ ರಬ್ಬರು ಅದಕ್ಕೆ ಬಾಗಿಲು. ಬಟ್ಟಲು ಮತ್ತು ಚಮಚವನ್ನು ಬಿಟ್ಟು ಬಾಟಲಿಯನ್ನು ಹಿಡಿದ ಮನೆಯು ಯಾವ ನಾಗರಿಕತೆಯನ್ನು ಗಳಿಸಿತೋ ತಿಳಿಯದು.

ಹಾಗೆಂದು ಹಳೆಯದೆಲ್ಲವೂ ಸಾಧುವಲ್ಲ. ಕೂಸನ್ನು ಕಾಲಮೇಲೆ ಮಲಗಿಸಿ, ಕೈಗಳನ್ನು ಅದುಮಿ, ಒಳಲೆಯಿಂದ ಗಂಟಲಿಗೆ ಸುರಿಯುವ ಪದ್ಧತಿಯಲ್ಲಿ ಉಸಿರುಗಟ್ಟುವ ಅಪಾಯವಿದೆ. ಕೂಸು ತಲೆ ತಿರುಗಿಸಿದರೆ 'ಸಾಕು' ಎಂದು ಅರ್ಥ. ಕೂರಿಸಿ, ಮುಖ ನೋಡಿ, ಮಾತಾಡಿಸುತ್ತ, ಅದು ಬಾಯಿ ತೆರೆದಾಗ ತುತ್ತಿಡುವುದೇ ಸರಿಯಾದ ವಿಧಿ. ಒಲ್ಲೆನೆಂದ ಹೊಸ ರುಚಿಯನ್ನು ನಾಲ್ಕು ದಿನ ಬಿಟ್ಟು ಮತ್ತೆ ನೀಡುವ ತಾಳ್ಮೆಯು ತಾಯಿಗಿದೆ. ಗಡಿಯಾರ ನೋಡುವವರಿಗೆ ಇಲ್ಲ.

ಇನ್ನು ರಾತ್ರಿಭೋಜನ. ಸೂರ್ಯಾಸ್ತದ ಮೇಲೆ ತಮ್ಮ ಮೊಮ್ಮಗುವಿಗೂ ಏನನ್ನೂ ಕೊಡುವುದಿಲ್ಲವೆಂದು ಹೆಮ್ಮೆಪಡುವವರು ಅಲ್ಲಲ್ಲಿ ಇದ್ದಾರೆ. 6ರಿಂದ 8 ತಿಂಗಳ ಕೂಸಿಗೆ ದಿನಕ್ಕೆ ಎರಡು ಮೂರು ಸಲ, 9 ತಿಂಗಳ ಮೇಲೆ ಮೂರು ನಾಲ್ಕು ಸಲ ಆಹಾರ ಸಾಕಾಗುವುದರಿಂದ ಜಾಣ ತಾಯಿಯು ಅದನ್ನೆಲ್ಲ ಹಗಲಿನಲ್ಲಿಯೇ ಮುಗಿಸಿ, ಇರುಳಿಗೆ ಎದೆಹಾಲನ್ನು ಉಳಿಸಿಕೊಳ್ಳುತ್ತಾಳೆ. ಅಲ್ಲಿಗೆ ತಕರಾರೇ ಇಲ್ಲ. ಆದರೆ ಜ್ವರ ಬಿಟ್ಟ ಮೇಲೆ ಹಸಿದು ಎದ್ದ ಮಗು, ದುಡಿಮೆಯಿಂದ ಕತ್ತಲಾದ ಮೇಲೆ ಮರಳಿದ ತಾಯಿಯನ್ನು ಕಾಯುತ್ತಿದ್ದ ಮಗು, ಅಳುವಾಗ ನಿಯಮವನ್ನು ತೋರಿಸುವವರು ವ್ರತದ ಸ್ವರೂಪವನ್ನೇ ಅರಿತಿಲ್ಲ. ವ್ರತವೆಂದರೆ ತಿಳಿದು, ಸಂಕಲ್ಪಿಸಿ, ತಾನಾಗಿ ಸ್ವೀಕರಿಸುವುದು. ಎಂಟು ವರ್ಷ ತುಂಬುವ ಮೊದಲು ಸಂಯಮಕ್ಕೆ ಯೋಗ್ಯತೆಯಿಲ್ಲವೆಂದು ಸಿದ್ಧಾಂತವು ಹೇಳುತ್ತದೆ. ಅರಿಯದ ಕೂಸಿನ ಹಸಿವಿನಿಂದ ಹಿರಿಯರ ಖಾತೆಗೆ ಪುಣ್ಯ ಜಮೆಯಾಗುವುದಿಲ್ಲ. ಅದು ಅನ್ನಪಾನನಿರೋಧದ ಖಾತೆಗೇ ಬರೆಯಲ್ಪಡುತ್ತದೆ.

ನಾಲ್ಕನೆಯದು ದಾತೃ, ಅಂದರೆ ಉಣಿಸುವವಳು. ಹಾಲೂಡುವ ತಾಯಿಯನ್ನು ದಶಲಕ್ಷಣ ಪರ್ವದಲ್ಲಿ ಉಪವಾಸಕ್ಕೆ ಕೂರಿಸಿ, ಮೆರವಣಿಗೆಯಲ್ಲಿ ಸನ್ಮಾನಿಸುವುದು ಭಕ್ತಿಯ ಲಕ್ಷಣವಲ್ಲ. ಶಕ್ತಿಯನ್ನರಿತು ತಪಸ್ಸೆಂದೇ ಆಚಾರ್ಯರ ಮಾತು. ತಾಯಿಯ ಮೈಯಲ್ಲಿ ಬಿ12 ಎಂಬ ಜೀವಸತ್ವವು ಕುಂದಿದರೆ ಎದೆಹಾಲಿನಲ್ಲಿಯೂ ಕುಂದುತ್ತದೆ. ಸಸ್ಯಾಹಾರಿ ತಾಯಂದಿರ ಕೆಲವು ಕೂಸುಗಳಿಗೆ ನಡುಕ, ಮಂಕು, ಬೆಳವಣಿಗೆಯ ಹಿನ್ನಡೆ ಉಂಟಾಗುವುದನ್ನು ಭಾರತದ ವೈದ್ಯರು ದಾಖಲಿಸಿದ್ದಾರೆ. ಆದ್ದರಿಂದ ಮನೆಯ ಹಾಲು ಮೊಸರಿನಲ್ಲಿ ಮೊದಲ ಪಾಲು ಅವಳದು, ವೈದ್ಯರು ಹೇಳಿದರೆ ಗುಳಿಗೆಯೂ ಅವಳಿಗೆ.

ತಾಯಿಯೆಲ್ಲರೂ ಸರ್ವಜ್ಞರೇ ಎಂದು ಆಕ್ಷೇಪಿಸುವವರಿಗೆ ಉತ್ತರವಿದೆ. ಅಲ್ಲ. ಹಾಲು ಸಾಲದೆಂದು ಮೂರನೆಯ ತಿಂಗಳಿಗೇ ಗಂಜಿ ಹಾಕುವವರೂ ಇದ್ದಾರೆ. ಆದರೆ ತಾಯಿಯ ತಪ್ಪನ್ನು ಒಂದು ಮಾತಿನಿಂದ ತಿದ್ದಬಹುದು, ಏಕೆಂದರೆ ಅವಳ ಕಣ್ಣು ಕೂಸಿನ ಮೇಲಿದೆ. ಪಂಚಾಂಗದ ಮೇಲೆ, ಊರವರ ಮಾತಿನ ಮೇಲೆ, ಜಾಹೀರಾತಿನ ಮೇಲೆ ಕಣ್ಣಿಟ್ಟವರ ತಪ್ಪನ್ನು ತಿದ್ದುವವರು ಯಾರು?

ಕೊನೆಗೆ ಡಬ್ಬದ ಮಾತು. ತಾಯಿಯಿಲ್ಲದ ಕೂಸಿಗೆ, ವೈದ್ಯರೇ ಅಗತ್ಯವೆಂದ ಸಂದರ್ಭದಲ್ಲಿ, ಡಬ್ಬವು ಅಭಯವೇ ಸರಿ. ಆದರೆ ಅದನ್ನು ಅಂತಸ್ತಿನ ಗುರುತಾಗಿ ಮಾರುವುದು ಬೇರೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆಯು, ಆ ದೇಶದ ಮೂಲದ ದೊಡ್ಡ ಕಂಪನಿಯೊಂದರ ಶಿಶುಧಾನ್ಯದ ಡಬ್ಬಗಳಲ್ಲಿ ಭಾರತದಲ್ಲಿ ಒಂದು ಹೊತ್ತಿನ ಬಟ್ಟಲಿಗೆ ಸರಾಸರಿ 3 ಗ್ರಾಮಿನಷ್ಟು ಸಕ್ಕರೆ ಸೇರಿದ್ದುದನ್ನೂ, ಅದೇ ಬಗೆಯ ಡಬ್ಬಗಳು ಜರ್ಮನಿ, ಬ್ರಿಟನ್ನುಗಳಲ್ಲಿ ಸಕ್ಕರೆಯಿಲ್ಲದೆ ಮಾರಾಟವಾಗುತ್ತಿದ್ದುದನ್ನೂ ಬಯಲಿಗೆ ತಂದಿತು. ಗದ್ದಲವಾದ ಮೇಲೆ ಅದೇ ವರ್ಷ ಸಂಸ್ಕರಿತ ಸಕ್ಕರೆ ಸೇರಿಸದ ಬಗೆಗಳು ಭಾರತಕ್ಕೂ ಬಂದವು. ಗದ್ದಲವಾಗದಿದ್ದರೆ?

ಶಿಶುಹಾಲಿನ ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ ಕಾನೂನು 1992ರಲ್ಲಿ ಬಂತು. 2003ರಲ್ಲಿ ಅದನ್ನು ಬಿಗಿಗೊಳಿಸಿ, ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಗಳ ಜಾಹೀರಾತನ್ನು ನಿಷೇಧಿಸಲಾಯಿತು. ಪ್ರಚಾರಕ್ಕಾಗಿ ಮಾದರಿಗಳನ್ನು ಹಂಚುವಂತಿಲ್ಲ. ಹಾಲಿನ ಬದಲಿಗಳನ್ನೂ ಬಾಟಲಿಗಳನ್ನೂ ಅನಾಥಾಲಯವನ್ನು ಬಿಟ್ಟು ಬೇರೆ ಯಾರಿಗೂ ದಾನ ಮಾಡುವಂತಿಲ್ಲ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದನ್ನು ವಿರುದ್ಧರಾಜ್ಯಾತಿಕ್ರಮವೆಂದು ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿದೆ. ಔಷಧಿ, ಕಿರಾಣಿ ವ್ಯಾಪಾರದಲ್ಲಿರುವ ಶ್ರಾವಕರು ತಮ್ಮ ಅಂಗಡಿಯ ಮುಂದಿನ ಫಲಕವನ್ನೂ, ಆರೋಗ್ಯ ಶಿಬಿರದಲ್ಲಿ ಬಾಟಲಿ ಹಂಚಿ ಭಾವಚಿತ್ರ ತೆಗೆಸಿಕೊಂಡ ಸಂಘಗಳು ತಮ್ಮ ವರದಿಯನ್ನೂ ಒಮ್ಮೆ ಪರಿಶೀಲಿಸಲಿ.

ಬಸದಿಗಳ ಆಡಳಿತ ಮಂಡಳಿಗಳಿಂದ ಆಗಬೇಕಾದ ಕೆಲಸ ಹೆಚ್ಚಿನದೇನೂ ಅಲ್ಲ. ಆಹಾರದಾನಕ್ಕೆಂದು ಬರುವ ಹಣದಲ್ಲಿ ಬಸದಿಯ ಆವರಣದಲ್ಲಿ ತಾಯಂದಿರು ಕೂಸಿಗೆ ಹಾಲೂಡಲು, ಉಣಿಸಲು ಒಂದು ಮರೆಯಾದ ಕೋಣೆ, ಕಾಯಿಸಿದ ನೀರು, ಒಂದು ಒಲೆ ಇರಲಿ. ಸಾಮೂಹಿಕ ಅನ್ನಪ್ರಾಶನವನ್ನು ವರ್ಷಕ್ಕೊಂದು ಜಾತ್ರೆಗೆ ಕಟ್ಟದೆ, ಆರು ತಿಂಗಳು ತುಂಬಿದ ಕೂಸು ಯಾವ ದಿನ ಬಂದರೂ ಅರ್ಚಕರು ಅರ್ಹಂತಪೂಜೆ ಮಾಡಿ ಹರಸುವ ಏರ್ಪಾಡಾಗಲಿ. ತಿಂಗಳಿಗೊಮ್ಮೆ ಪ್ರವಚನದ ವೇದಿಕೆಯಲ್ಲಿ ಒಬ್ಬ ಅನುಭವಿ ಅಜ್ಜಿಯೂ ಒಬ್ಬ ಮಕ್ಕಳ ವೈದ್ಯರೂ ಕೂತು ಹೊಸ ತಾಯಂದಿರೊಡನೆ ಮಾತನಾಡಲಿ. ಗಂಡಸರು ಆ ದಿನ ಕೇಳುವವರ ಸಾಲಿನಲ್ಲಿ ಇರಲಿ.

ಹಸ್ತಿನಾಪುರದ ಅರಮನೆಯಲ್ಲಿ ರತ್ನಗಳಿಗೆ ಬರವಿರಲಿಲ್ಲ. ಕಥೆಯಲ್ಲಿ ಉಳಿದದ್ದು ಕಬ್ಬಿನ ರಸ, ಮತ್ತು ಅದನ್ನು ನೀಡಬೇಕೆಂದು ಅರಿತ ಒಬ್ಬನ ಹೆಸರು. ತೊಟ್ಟಿಲ ಮನೆಯಲ್ಲಿ ಆ ಅರಿವು ಯಾರಿಗಿದೆಯೋ ಅವರ ಕೈಗೆ ಬಟ್ಟಲನ್ನು ಕೊಟ್ಟು ಉಳಿದವರು ಪಕ್ಕಕ್ಕೆ ಸರಿಯುವುದು ಅಹಿಂಸಾವ್ರತದ ಪಾಲನೆಯೇ ಆಗಿದೆ. ಬಟ್ಟಲು ಬೆಳ್ಳಿಯದಾಗಬೇಕಾಗಿಲ್ಲ.